ಬರಿಗಾಲಲ್ಲಿ ತುಳಿದ ಪೆಡಲ್

"ಅಯ್ಯಯ್ಯೋ, ವಾದ್ಯಾನ ಕಾಲಲ್ಲಿ ತುಳೀತಿದ್ದೀಯಲ್ಲೋ! ತಲೆ ಕೆಟ್ಟಿದ್ಯಾ ನಿಂಗೆ?"

ಅಮ್ಮ ಕೂಗಿದ ರಭಸಕ್ಕೆ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅವಳ ಕೈಯಲ್ಲಿದ್ದ ಕತ್ತರಿ ಗಾಳಿಯಲ್ಲೇ ನಿಂತಿತ್ತು. ನಾನು ಮಾಡಿದ್ದಿಷ್ಟೇ. ಹೊಸದಾಗಿ ತಂದ, ಗಿಟಾರಿನ ದನಿ ಬದಲಿಸುವ ವಾವಾ ಪೆಡಲನ್ನು ನೆಲದ ಮೇಲಿಟ್ಟು ಅದರ ಮೇಲೆ ಪಾದ ಇಟ್ಟಿದ್ದೆ, ಅಷ್ಟೆ. ಪೆಡಲ್ ಇರುವುದೇ ತುಳಿಯುವುದಕ್ಕೆ ಮಾರಾಯರೇ! ಅದನ್ನೇನು ತಲೆ ಮೇಲೆ ಹೊತ್ತುಕೊಂಡು ನುಡಿಸಲಾಗುತ್ತದೆಯೇ?

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕತ್ರಿಗುಪ್ಪೆಯಲ್ಲಿ ನಮ್ಮದೊಂದು ಚಿಕ್ಕ ಬಾಡಿಗೆ ಮನೆ. ಅಪ್ಪ ಇರಲಿಲ್ಲ. ಅಮ್ಮ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ನಾನು ಹಗಲು ಆಫೀಸಿನಲ್ಲಿ ಗುಮಾಸ್ತ, ಸಂಜೆ ಜಯನಗರದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವವ. ಆರ್ಕೆಸ್ಟ್ರಾ ನಡೆಸುತ್ತಿದ್ದವರು ಅಕಾರ್ಡಿಯನ್ ನುಡಿಸುವ ಒಬ್ಬ ಹಿರಿಯರು. ಎಲ್ಲರಿಗೂ ಅವರು ಮೇಷ್ಟ್ರು. ಒಂದು ದಿನ ರಿಹರ್ಸಲ್ ಮಧ್ಯೆ ನಿಲ್ಲಿಸಿ, "ಎಲ್ಲಾ ಆರ್ಕೆಸ್ಟ್ರಾದೋರ ಹತ್ರಾನೂ ವಾವಾ ಪೆಡಲ್ ಬಂತು ಕಣೋ. ನಮ್ಮದು ಮಾತ್ರ ಭಜನೆ ಮಂಡಳಿ ಥರ ಕೇಳುತ್ತೆ. ಗಣೇಶನ ಹಬ್ಬದೊಳಗೆ ನೀನೂ ಒಂದು ತಗೋ. ಇಲ್ಲಾಂದ್ರೆ ಬೇರೆಯೋರ್ನ ನೋಡ್ಕೋತೀನಿ" ಎಂದುಬಿಟ್ಟರು. ಹಗಲೆಲ್ಲ ಫೈಲು ಹೊರುತ್ತಿದ್ದವನಿಗೆ ಉಸಿರಾಡಲು ಇದ್ದದ್ದು ಆ ಆರ್ಕೆಸ್ಟ್ರಾ ಒಂದೇ.

ಪೇಟೆಯ ವಾದ್ಯದಂಗಡಿಯಲ್ಲಿ ಎರಡು ಪೆಡಲ್‌ಗಳಿದ್ದವು. ಒಂದು ಯಾರೋ ಮಾರಿಹೋಗಿದ್ದ ಫಾರಿನ್ ಮಾಲು. ಮೇಲೆ ರಬ್ಬರಿನ ಹೊದಿಕೆ, ಕೈಯಲ್ಲಿ ಹಿಡಿದರೆ ಹಗುರ. ಇನ್ನೊಂದು ನಮ್ಮ ದೇಶದ್ದೇ, ಪೂರ್ತಿ ಕಬ್ಬಿಣ. ಮೇಲುಗಡೆ ರಬ್ಬರು ಗಿಬ್ಬರು ಏನೂ ಇಲ್ಲ, ಕಾಲು ಜಾರದಿರಲೆಂದು ತಗಡಿನಲ್ಲೇ ಗೀರು ಹಾಕಿದ್ದರು. ಫಾರಿನ್ನಿನದು ತುಳಿದಾಗಲೆಲ್ಲ ಮುಂದಕ್ಕೆ ಜಾರಿಕೊಂಡು ಹೋಗುತ್ತಿತ್ತು. ಕಬ್ಬಿಣದ್ದು ಇಟ್ಟ ಜಾಗದಲ್ಲಿ ಎಮ್ಮೆಯ ಹಾಗೆ ಕೂತಿತ್ತು. ಅಂಗಡಿಯವರು, "ಶೂ ಹಾಕ್ಕೊಂಡೇ ತುಳಿದು ನೋಡಿ ಸಾರ್, ನಾಳೆ ಬಂದು ಕಂಪ್ಲೇಂಟ್ ಹೇಳ್ಬೇಡಿ" ಎಂದರು. ಶೂ ಕಾಲಲ್ಲೇ ತುಳಿದೆ. ಗಿಟಾರು "ವಾಆವ್" ಎಂದು ಬಾಯಿ ತೆರೆದು ಮುಚ್ಚಿತು. ಸತ್ಯ ಹೇಳುತ್ತೇನೆ, ನನ್ನ ಬಾಯಿಯೂ ತೆರೆದುಕೊಂಡಿತು. ಅದೇ ಗಿಟಾರು, ಅದೇ ತಂತಿ, ಮನುಷ್ಯರ ಹಾಗೆ ಕೂಗುತ್ತಿದೆ! ಕಬ್ಬಿಣದ್ದನ್ನೇ ಹೊತ್ತುಕೊಂಡು ಬಸ್ ಹತ್ತಿದೆ.

ಇಷ್ಟು ಆಸೆಯಿಂದ ತಂದರೆ ಮನೆಯಲ್ಲಿ ಈ ರಾಮಾಯಣ.

"ನೀನು ದಿನಾ ಮೆಷಿನ್ ತುಳಿಯಲ್ವಾ? ಅದೂ ಕಾಲಲ್ಲೇ ತಾನೇ?" ಎಂದೆ.

"ತುಳೀತೀನಿ. ಬೆಳಗ್ಗೆ ಎದ್ದು ಅದಕ್ಕೆ ಕೈಮುಗಿದೇ ಕೂತ್ಕೋತೀನಿ. ಒಂದಿನಾನಾದ್ರೂ ಚಪ್ಪಲಿ ಕಾಲು ಇಟ್ಟಿದ್ದೀನಾ? ನೀನೇ ಹೇಳು."

ಆಯುಧಪೂಜೆಗೆ ಆ ಮೆಷಿನ್ನಿನ ಪೆಡಲಿಗೂ ಕುಂಕುಮ ಇಡುವವಳು ಅವಳು. ಕೊನೆಗೆ ಅವಳೇ ತೀರ್ಪು ಕೊಟ್ಟಳು. ನುಡಿಸುವ ಮೊದಲು ಪೆಡಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಚಪ್ಪಲಿ, ಶೂ ಹತ್ತಿರಕ್ಕೂ ತರಬಾರದು. "ಹಬ್ಬದ ಪ್ರೋಗ್ರಾಂಗೆ ನಾನೂ ಬರ್ತೀನಿ. ದೇವ್ರ ಮುಂದೆ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಅವತ್ತೇ ನಿನ್ನ ಗಿಟಾರ್‌ಗೆ ಎಳ್ಳುನೀರು ಬಿಟ್ಬಿಡು" ಎಂದಳು. ಅಮ್ಮ ಒಂದು ಮಾತು ಆಡಿದರೆ ಮುಗಿಯಿತು. ಆ ಕಡೆ ಮೇಷ್ಟ್ರು, ಈ ಕಡೆ ಇವಳು. ನನ್ನ ಸಂಗೀತದ ಹಣೆಬರಹ ಆ ಹಬ್ಬದ ಸಂಜೆಗೆ ಬಂದು ನಿಂತಿತು.

ಪೆಡಲನ್ನು ಹದ ಮಾಡುವುದೂ ಸುಲಭವಿರಲಿಲ್ಲ. ಪಕ್ಕದ ನಟ್ಟು ಬಿಗಿ ಮಾಡಿದರೆ ಹಿಮ್ಮಡಿ ನೋವು, ಸಡಿಲ ಮಾಡಿದರೆ ಪೆಡಲ್ ತಾನೇ ಮುಂದಕ್ಕೆ ಬಾಗಿ ಬೀಳುತ್ತಿತ್ತು. ಒಳಗಿನ ಹಲ್ಲಿನ ಪಟ್ಟಿ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಅದು ಒಂದು ಹಲ್ಲು ಆಚೀಚೆಯಾದರೂ ಗಿಟಾರು ನೆಗಡಿ ಬಂದವರ ಹಾಗೆ ಗೊಣಗುತ್ತದೆ. ಜಯನಗರದ ರಿಹರ್ಸಲ್ ಶೆಡ್ಡಿನಲ್ಲಿ ಶೂ ಹಾಕಿಕೊಂಡು, ಆಂಪ್ಲಿಫೈಯರ್‌ಗೆ ಸಿಕ್ಕಿಸಿ, ದನಿ ನೋಡಿಕೊಂಡು ಹಲ್ಲು ಕೂರಿಸಿದೆ. ಮನೆಯಲ್ಲಿ ಆಂಪ್ಲಿಫೈಯರ್ ಎಲ್ಲಿಂದ ಬರಬೇಕು? ಇಲ್ಲಿ ಬರಿಗಾಲಲ್ಲಿ ತುಳಿಯುತ್ತ, "ವಾವ್, ವಾವ್" ಎಂದು ಬಾಯಲ್ಲೇ ಹೇಳಿಕೊಂಡು ಕಾಲಿನ ಲೆಕ್ಕಾಚಾರ ಕಲಿತೆ. ಅಮ್ಮ ಮೆಷಿನ್ ನಿಲ್ಲಿಸಿ ನನ್ನ ಪಾದವನ್ನೇ ನೋಡುತ್ತ ಕೂರುತ್ತಿದ್ದಳು. "ಹಿಮ್ಮಡಿ ಎತ್ತು. ಒಂದೇ ಕಡೆ ಒತ್ಕೊಂಡು ನಿಂತ್ರೆ ದಾರ ಕಿತ್ತೋಗುತ್ತೆ" ಎನ್ನುತ್ತಿದ್ದಳು. ಇಲ್ಲಿ ಯಾವ ದಾರವೂ ಇಲ್ಲ ಎಂದರೆ ಕೇಳಬೇಕಲ್ಲ.

ಶೆಡ್ಡಿನಲ್ಲಿ ಕರೆಂಟ್ ಇತ್ತು, ಕಾಲಲ್ಲಿ ಶೂ ಇತ್ತು. ಮನೆಯಲ್ಲಿ ಬರಿಗಾಲು, ಕರೆಂಟ್ ಇಲ್ಲ. ಬರಿಗಾಲೂ ಕರೆಂಟೂ ಒಂದೇ ಕಡೆ ಸೇರುವ ಹೊತ್ತೊಂದು ಬರುತ್ತದೆ ಎಂದು ನನಗಾಗಲಿ, ಮೇಷ್ಟ್ರಿಗಾಗಲಿ, ಒಬ್ಬರಿಗಾದರೂ ಹೊಳೆಯಲಿಲ್ಲ ನೋಡಿ.

ಹಬ್ಬದ ಪ್ರೋಗ್ರಾಂ ಇದ್ದದ್ದು ಇಟ್ಟಮಡುವಿನಲ್ಲಿ. ಸ್ಟೇಜಿನ ಹಿಂಭಾಗದಲ್ಲೇ ಗಣಪತಿ ಕೂರಿಸಿದ್ದರು. ದೇವರಿರುವ ಸ್ಟೇಜು, ಆದ್ದರಿಂದ ಎಲ್ಲರೂ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟೇ ಹತ್ತಿದೆವು. ಮಧ್ಯಾಹ್ನ ಮಳೆ ಬಂದಿತ್ತು. ಮೇಲಿನ ಟಾರ್ಪಾಲು ನೀರು ತುಂಬಿ ಹೊಟ್ಟೆ ಬಿಟ್ಟುಕೊಂಡಿತ್ತು. ಕೆಳಗೆ ಹಾಸಿದ್ದ ಜಮಖಾನ ಅಲ್ಲಲ್ಲಿ ತೇವ. ಅಮ್ಮ ಮುಂದಿನ ಸಾಲಿನ ಕಬ್ಬಿಣದ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದಳು.

ಆಂಪ್ಲಿಫೈಯರ್ ಹಾಕಿದರು. ನಾನು ಬಗ್ಗಿ ಪೆಡಲ್ ಮುಟ್ಟಿದೆ. ಬೆರಳ ತುದಿಯಿಂದ ಮೊಣಕೈವರೆಗೆ ಜುಮ್ಮೆಂದಿತು.

ಬೇರೆ ಯಾವ ದೇಶದವನೇ ಆಗಿದ್ದರೂ ಅಲ್ಲೇ ಸ್ವಿಚ್ ಆರಿಸುತ್ತಿದ್ದ. ನಾನು ಕೈಯನ್ನು ಕಣ್ಣಿಗೆ ಒತ್ತಿಕೊಂಡೆ! ಹಿಂದೆ ಗಣಪತಿ, ಮುಂದೆ ಅಮ್ಮ, ಊದುಬತ್ತಿಯ ಹೊಗೆ. ದೇವರೇ ಒಪ್ಪಿಬಿಟ್ಟ ಎಂದುಕೊಂಡೆ. ಪಕ್ಕದಲ್ಲಿದ್ದ ಡ್ರಮ್ಮರ್ ಗೆಳೆಯನಿಗೆ, "ಮಗಾ, ಮುಟ್ಟಿದ ತಕ್ಷಣ ಮೈಯೆಲ್ಲಾ ಜುಮ್ ಅಂತು ಕಣೋ" ಎಂದೆ. "ಸಖತ್ ಶಕುನ ಗುರು, ಇವತ್ತು ನಿಂದೇ ದಿನ" ಎಂದ ಆ ಪುಣ್ಯಾತ್ಮ. ಇಬ್ಬರ ತಲೆಯಲ್ಲೂ ತುಂಬಿದ್ದದ್ದು ಒಂದೇ ಹೊಟ್ಟು.

ಮೊದಲ ಹಾಡುಗಳಿಗೆ ಪೆಡಲ್ ಬೇಕಿರಲಿಲ್ಲ. ತಂತಿ ಮುಟ್ಟಿದಾಗಲೆಲ್ಲ ಸಣ್ಣಗೆ ಚುರುಗುಟ್ಟುತ್ತಿತ್ತು, ನಾನು ಭಕ್ತಿಯಿಂದ ಸಹಿಸಿಕೊಂಡೆ. ಆಮೇಲೆ ಮೇಷ್ಟ್ರು ನನ್ನ ಕಡೆ ತಲೆಯಾಡಿಸಿದರು. ಅದೇ ಹೊತ್ತಿಗೆ ಟಾರ್ಪಾಲಿನ ಅಂಚಿನಿಂದ ನೀರು ಸುರಿದು ನನ್ನ ಎಡಗಾಲ ಕೆಳಗಿನ ಜಮಖಾನ ತೊಯ್ದು ತೊಪ್ಪೆಯಾಯಿತು. ನಾನು ಬಲಗಾಲನ್ನು ಪೆಡಲಿನ ಮೇಲಿಟ್ಟು ಪೂರ್ತಿ ಒತ್ತಿದೆ.

ಮುಂದಿನದನ್ನು ಹೇಗೆ ಹೇಳಲಿ! ಯಾರೋ ಎರಡೂ ಕಾಲು ಹಿಡಿದು ಒಳಗಿನಿಂದ ಹಿಂಡಿದಂತಾಯಿತು. ಹಲ್ಲು ಕಚ್ಚಿಕೊಂಡಿತು. ಪಾದ ಕಬ್ಬಿಣಕ್ಕೆ ಅಂಟಿಹೋಯಿತು, ಎಡಗೈ ತಂತಿಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಬಿಡಬೇಕು ಎಂದು ಗೊತ್ತು, ಬಿಡುವುದಕ್ಕೆ ಕೈಕಾಲು ನನ್ನವಾಗಿರಲಿಲ್ಲ. ಗಿಟಾರು "ಈಈಈ" ಎಂದು ಕಿರುಚತೊಡಗಿತು. ಆಗ ಜನ ಏನು ಮಾಡಿದರು ಗೊತ್ತೇ? ಶಿಳ್ಳೆ ಹೊಡೆದರು! ಚಪ್ಪಾಳೆ ತಟ್ಟಿದರು! "ಒನ್ಸ್ ಮೋರ್" ಎಂದು ಯಾರೋ ಕೂಗಿದ್ದು ಕಿವಿಗೆ ಬಿತ್ತು. ನಾನು ಸಾಯುತ್ತಿದ್ದೇನೆ, ಇವರು ಒನ್ಸ್ ಮೋರ್ ಎನ್ನುತ್ತಿದ್ದಾರೆ. ಮೇಷ್ಟ್ರೂ ಕಣ್ಣುಮುಚ್ಚಿ ತಲೆದೂಗುತ್ತಿದ್ದರು.

ಆ ಜನಜಾತ್ರೆಯಲ್ಲಿ ನನ್ನ ಕಾಲನ್ನು ನೋಡುತ್ತಿದ್ದವಳು ಅಮ್ಮ ಒಬ್ಬಳೇ. ಹಿಮ್ಮಡಿ ಮೇಲೇಳಲಿಲ್ಲ ಎನ್ನುವುದು ಅವಳಿಗೆ ಕಂಡಿತು. "ಕಾಲು! ಅವನ ಕಾಲು ನೋಡ್ರೋ!" ಎಂದು ಚೀರುತ್ತ ಕುರ್ಚಿ ಬೀಳಿಸಿಕೊಂಡು ಓಡಿಬಂದಳು. ಮೆಟ್ಟಿಲಲ್ಲಿ ನಿಂತಿದ್ದ ಕಮಿಟಿಯವರು ಕೈ ಅಡ್ಡ ಹಿಡಿದು, "ಏಯ್ ಅಮ್ಮಾ, ಚಪ್ಪಲಿ! ಚಪ್ಪಲಿ ಬಿಡಿ, ದೇವ್ರಿದೆ ಇಲ್ಲಿ!" ಎಂದು ಕೂಗಿದರು. ಅವರ ಕೈಯನ್ನು ತಳ್ಳಿ ಅವಳು ಹವಾಯಿ ಚಪ್ಪಲಿಯಲ್ಲೇ ಸ್ಟೇಜು ಹತ್ತಿದಳು. ಗಣಪತಿಯ ಎದುರಿಗೇ, ಅಮ್ಮ ಚಪ್ಪಲಿ ಕಾಲಲ್ಲಿ ನನ್ನ ಪೆಡಲಿಗೆ ಜಾಡಿಸಿ ಒದ್ದಳು.

ಪೆಡಲ್ ಹಾರಿ ಡ್ರಮ್ಮಿಗೆ ಬಡಿಯಿತು. ವಯರು ಆಂಪ್ಲಿಫೈಯರಿನಿಂದ ಕಿತ್ತು ಬಂತು. ನಾನು ಬೇರು ಕಡಿದ ಬಾಳೆಗಿಡದಂತೆ ಕುಸಿದೆ. ಎಲ್ಲರೂ ನೋಡುತ್ತಿದ್ದದ್ದು ನನ್ನನ್ನಲ್ಲ, ಅವಳ ಕಾಲನ್ನು. ಅವಳೂ ಬಗ್ಗಿ ತನ್ನ ಚಪ್ಪಲಿಯನ್ನು ನೋಡಿಕೊಂಡಳು, ಆಮೇಲೆ ಗಣಪತಿಯನ್ನು ನೋಡಿದಳು. ಯಾರೋ ಮೇನ್ ಸ್ವಿಚ್ ಆರಿಸಿದರು.

ಮನೆಗೆ ಬಂದ ಮೇಲೆ ಅವಳು ನನ್ನ ಕೈ ಬಿಡಿಸಿ ನೋಡಿದಳು. ನನ್ನ ಅಂಗೈಯಲ್ಲಿ ತಂತಿಗಳ ಗೆರೆ ಸುಟ್ಟು ಕೆಂಪಗೆ ಮೂಡಿತ್ತು, ಅದಕ್ಕೆ ಬೆಣ್ಣೆ ಸವರಿ ಒಳಗೆ ಹೋದಳು. ಗಿಟಾರಿಗೆ ಎಳ್ಳುನೀರೇ ಗತಿ ಎಂದುಕೊಂಡು ಮಲಗಿದೆ. ದೇವರ ಮುಂದೆ ಹೆಚ್ಚುಕಮ್ಮಿ ಆಗಿತ್ತಲ್ಲ, ಅದೂ ಎಂಥ ಹೆಚ್ಚುಕಮ್ಮಿ!

ಬೆಳಗ್ಗೆ ಎದ್ದು ನೋಡಿದರೆ ಅಮ್ಮ ನೆಲದ ಮೇಲೆ ಕೂತಿದ್ದಳು. ಮುಂದೆ ಪೆಡಲ್ ಇತ್ತು. ನಿನ್ನೆಯ ಹವಾಯಿ ಚಪ್ಪಲಿಯ ಪಟ್ಟಿ ಕಿತ್ತು, ರಬ್ಬರಿನ ತಳವನ್ನು ಪೆಡಲಿನ ಅಳತೆಗೆ ಕತ್ತರಿಸಿ, ತಗಡು ಎಲ್ಲೂ ಕಾಣದ ಹಾಗೆ ಅಂಟಿಸುತ್ತಿದ್ದಳು. ಅಂಚನ್ನು ಒತ್ತಿ ಒತ್ತಿ ನೋಡಿದಳು. ಆಮೇಲೆ ಎದ್ದು ದೇವರ ಗೂಡಿನಿಂದ ಕುಂಕುಮ ತಂದು, ಆ ಚಪ್ಪಲಿಯ ತುಂಡಿನ ಮೇಲೆಯೇ ಒಂದು ಬೊಟ್ಟು ಇಟ್ಟಳು.

ಪೆಡಲನ್ನು ನನ್ನ ಕಡೆ ತಳ್ಳಿ ಹೇಳಿದಳು: "ದೇವ್ರಿಗೆ ನಾನು ಹೇಳ್ಕೋತೀನಿ. ನೀನು ಇನ್ಮೇಲೆ ಚಪ್ಪಲಿ ಹಾಕ್ಕೊಂಡೇ ತುಳಿ."