ಅವ್ವ ಹಟ ಹಿಡಿದ ಬೇಸಿಗೆ

ಆಗಿನ್ನೂ ಕುಮಟೆಯಲ್ಲಿ ಹೆದ್ದಾರಿ ಅಗಲವಾಗಿರಲಿಲ್ಲ. ಬೇಸಿಗೆ ಬಂತೆಂದರೆ ರಸ್ತೆಯ ಬದಿಗೆ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತಿದ್ದವು. ಅವ್ವ ಅವನ್ನು ಹೆಣೆಯುವ ಕೂಲಿಗೆ ಹೋಗುತ್ತಿದ್ದಳು. ಸಂಜೆ ಅವಳ ಸೆರಗಿಗೆ ಮುಖ ಒತ್ತಿದರೆ ಈರುಳ್ಳಿ, ಬೆವರು ಎರಡೂ ಬೆರೆತ ವಾಸನೆ. ಅಕ್ಕನಾದ ನಾನೂ ತಮ್ಮ ಮಾರುತಿಯೂ ಗೇರುಹಣ್ಣು ಚೀಪುತ್ತ, ಲಗೋರಿ ಆಡುತ್ತ ರಜೆ ಕಳೆಯುತ್ತಿದ್ದೆವು.

ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದರಂತೆ. ಅಪ್ಪನಿಗೆ ಕಟ್ಟಿಗೆ ಡಿಪೋದಲ್ಲಿ ಕೆಲಸ ಸಿಕ್ಕಿ ಯಲ್ಲಾಪುರದ ಕಡೆಯಿಂದ ಘಟ್ಟ ಇಳಿದು ಬಂದಿದ್ದೆವು. ಕೇರಿಯಲ್ಲಿ ನಮ್ಮಂಥವರ ಮನೆ ಇನ್ನೊಂದಿರಲಿಲ್ಲ. ಆಟದ ನಡುವೆ ಹುಡುಗರು ಮಾರುತಿಯ ಗುಂಗುರು ಕೂದಲು ಎಳೆದು ಓಡುತ್ತಿದ್ದರು.

ಒಂದು ವರ್ಷ ಶಾಲೆ ಶುರುವಾಗುವ ಮುಂಚೆ ಮಾರುತಿಯ ಕೂದಲು ತೆಗೆಸಲು ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಕಟಿಂಗ್ ಅಂಗಡಿಗೆ ಹೋದಳು. ಬೆಂಚಿನಲ್ಲಿ ಕುಳಿತಿದ್ದ ಗಿರಾಕಿಯೊಬ್ಬ ಮಾರುತಿಯನ್ನು ನೋಡಿ, "ಇವ್ನಿಗೆ ಹೊದೆಸಿದ ಬಟ್ಟೆ ನಂಗೆ ಬೇಡ ಮಾರಾಯ" ಎಂದ. ಅಂಗಡಿಯವನು ನಮ್ಮ ಮುಖ ನೋಡದೆ, "ಈ ಕೂದ್ಲಿಗೆ ನನ್ನ ಕತ್ತರಿ ಆಗೂದಿಲ್ಲ, ಬೇರೆ ಕಡೆ ಹೋಗಿ" ಎಂದ.

ಅವ್ವ ಕದಲಲಿಲ್ಲ. ಮಾರುತಿಯನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದಳು.

"ನನ್ನ ಮಗ ಎಂತ ತಪ್ಪು ಮಾಡಿದ? ಅವ ಹುಟ್ಟಿದ್ದೇ ಹೀಗೆ. ಕೂದ್ಲು ತೆಗೀರಿ, ಹೋಗ್ತೇವೆ."

ಗಿರಾಕಿ ಗೊಣಗುತ್ತ ಎದ್ದು ಹೋದ. ಅಂಗಡಿಯವನು ಕೊನೆಗೂ ಕತ್ತರಿ ಹಿಡಿದ. ಕಟಿಂಗ್ ಚಂದವೇನೂ ಆಗಲಿಲ್ಲ. ಆದರೂ ಮಾರುತಿ ಐಸ್‌ಕ್ಯಾಂಡಿ ಚೀಪುತ್ತ ಮನೆಯವರೆಗೂ ಎದೆ ಸೆಟೆಸಿಕೊಂಡೇ ನಡೆದ.

ಅವನೀಗ ಮಂಗಳೂರಿನಲ್ಲಿ ನರ್ಸ್. ಈ ಬೇಸಿಗೆಯಲ್ಲಿ ಪ್ರಕಾಶ ಎಂಬವನನ್ನು ಮನೆಗೆ ಕರೆತಂದ. ಅವ್ವ ಖುಷಿಯಿಂದ ಬಂಗಡೆ ಮೀನು ಹುರಿಯುತ್ತಿದ್ದಳು. ಮಾರುತಿ ಅಡುಗೆಮನೆಗೆ ಬಂದು ಹೇಳಿಬಿಟ್ಟ.

"ಅವ್ವಾ, ನಾನು ಹುಡುಗಿನ್ನ ಮದ್ವೆ ಆಗೂದಿಲ್ಲ. ನಾನೂ ಪ್ರಕಾಶನೂ ಒಟ್ಟಿಗೇ ಬಾಳೂದು."

ಅವ್ವ ಒಲೆ ಆರಿಸಿದಳು. "ಅವ್ನನ್ನ ಕರ್ಕಂಡು ಹೊರಡು. ಊರವ್ರು ಮೊದ್ಲೇ ನಮ್ಮನ್ನ ಒಂದು ನಮೂನೆ ನೋಡ್ತಾರೆ. ಇದೂ ಒಂದು ಬೇಕಾ?"

ನನಗೆ ತಡೆಯಲಾಗಲಿಲ್ಲ. "ಕಟಿಂಗ್ ಅಂಗಡಿಯವ್ನೂ ಊರವ್ರಿಗೆ ಹೆದರಿಯೇ ಇವ್ನನ್ನ ಹೊರಗೆ ಕಳ್ಸೂಕೆ ನೋಡಿದ್ದಲ್ವಾ?"

"ಅದು ಬೇರೆ. ಬಣ್ಣ, ಕೂದ್ಲು ದೇವ್ರು ಕೊಟ್ಟದ್ದು."

"ಇದನ್ನ ಇವ ಪೇಟೆಯಿಂದ ತಂದದ್ದಾ?"

ಅವಳು ಗೋಡೆಯತ್ತ ತಿರುಗಿದಳು. ಆಮೇಲೂ ಎಷ್ಟು ಸಲ ಕೇಳಿದ್ದೇನೆ. ಪ್ರತಿ ಸಲವೂ ಅದೇ ಉತ್ತರ, "ಅದು ಬೇರೆ." ಹೇಗೆ ಬೇರೆ ಎಂದು ಮಾತ್ರ ಹೇಳುವುದಿಲ್ಲ. ಅನ್ಯಾಯವನ್ನು ಸ್ವತಃ ಉಂಡವಳಿಗೇ ಅದರ ಗುರುತು ಸಿಗದಿದ್ದರೆ ನಾನು ಯಾರ ಹತ್ತಿರ ವಾದ ಮಾಡಲಿ? ಸಿಟ್ಟು ಬರುತ್ತದೆ. ಅವಳ ಹೆದರಿಕೆ ಕಂಡು ಸಂಕಟವೂ ಆಗುತ್ತದೆ.

ಅವತ್ತು ಮಾರುತಿಯೂ ಪ್ರಕಾಶನೂ ಊಟ ಮಾಡದೆ ಹೊರಟರು. ಬಸ್ ಸ್ಟ್ಯಾಂಡಿನವರೆಗೆ ನಾನೂ ಹೋದೆ. ಬಸ್ಸು ಹತ್ತುವ ಮುಂಚೆ ಮಾರುತಿ ನಿಂತ.

"ಅಕ್ಕಾ, ಸಣ್ಣವ್ನಿದ್ದಾಗ ಯಾರು ಎಂತ ಅಂದ್ರೂ ಅವ್ವನ ಹತ್ರ ಓಡಿ ಬರ್ತಿದ್ದೆ. ಈಗ ಅವ್ವನೇ ಅಂದ್ರೆ ಎಲ್ಲಿಗೆ ಓಡೂದು?"

ನಾನು ಅವನ ಕೈ ಹಿಡಿದುಕೊಂಡೆ. ಕಂಡಕ್ಟರ್ ಸೀಟಿ ಊದಿದ.