ಲಂಡನ್ನಿನ್ಯಾಗ ಹಾಕಿದ ಒಡಪು

ಟಿಕೋಟಾದ ಗೆಳತ್ಯಾರೇ, ಟ್ರಂಕ್ ಕಾಲ್ ಹತ್ತವಲ್ದು, ಅದಕ್ಕ ಬರದ ಹೇಳಾಕತ್ತೇನಿ. ಇವತ್ತ ಲಂಡನ್ನಿನ ಮಹಿಳಾ ಸಮ್ಮೇಳನದಾಗ ಭಾಷಣಕ್ಕ ನಿಂತೆ. "ಮೊದಲ ನಿಮ್ಮ ಪೂರ್ತಿ ಹೆಸರು ಹೇಳ್ರಿ" ಅಂದ್ಲು ಅಧ್ಯಕ್ಷಿಣಿ. ನಡುವ ಗಂಡನ ಹೆಸರ ಬರತೈತಲ್ಲ! ನಮ್ಮ ಬಿಜಾಪುರ ಕಡೆ ಪ್ರಾಸ ಕಟ್ಟಿ ಒಡಪು ಹಾಕದ ಆ ಹೆಸರು ಬಾಯಿಗೆ ಬರತೈತೇನು?

ನಾಚಿಕೊಂಡ, "ಬಾವ್ಯಾಗ ನೀರ, ನೀರಾಗ ಚಂದ್ರ, ನಮ್ಮ ಮನಿಯವರು ರಾಮಚಂದ್ರ" ಅಂದೆ. ಇಂಗ್ಲಿಷಿನ್ಯಾಗ ಅರ್ಥಾನೂ ಬಿಡಿಸಿ ಹೇಳಿದೆ. ಚಪ್ಪಾಳಿ ಅಂದ್ರ ಚಪ್ಪಾಳಿ!

ಚಹಾದ ಹೊತ್ತಿಗೆ ಎಲ್ಲಾರೂ ನನ್ನ ಸುತ್ತ. "ನನ್ನ ಗಂಡಗೂ ಒಂದ ಕಟ್ಟಿಕೊಡು" ಅಂದ್ಲು ಕೀನ್ಯಾದಾಕಿ. ಸ್ವೀಡನ್ನಿನಾಕಿ, "ನನಗ ಮೂರು ಮದವಿ ಆಗ್ಯಾವ, ನೀ ಯಾವ ಗಂಡಗ ಕಟ್ಟತಿ?" ಅಂದ್ಲು. ಬಿದ್ದ ಬಿದ್ದ ನಕ್ಕಿವಿ.

ನನ್ನ ಭಾಷಣ ಮಾತ್ರ ಒಬ್ಬಾಕಿಗೂ ನೆನಪಿಲ್ಲ. ಅದರಾಗ ಹೆಣ್ಣಮಗಳಿಗೆ ಗಂಡನ ಹೆಸರಿನ ಹಂಗು ಯಾಕ ಅಂತ ಟೇಬಲ್ ಕುಟ್ಟಿ ಕುಟ್ಟಿ ಕೇಳಿದ್ದೆ!