ತಾಯಿಯ ಕಡೆಯಿಂದ

ನನ್ನ ತಮ್ಮ ಸೋಮಾರಿಯಲ್ಲ ಎಂದು ಸಾಬೀತಾಗಲು ಅವನ ತೊಡೆಯಿಂದ ಒಂದು ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸಬೇಕಾಯಿತು. ಅದಕ್ಕೆ ಮೊದಲು ರಾಜಾಜಿನಗರದ ನಮ್ಮ ಬೀದಿಗೆಲ್ಲ ಅವನು ಮೈಗಳ್ಳ. ರೆಪ್ಪೆ ಜೋಲುತ್ತಿತ್ತು, ಹಾಲಿನ ಬೂತಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದ, ಆಗಾಗ ಫಿಟ್ಸ್ ಬರುತ್ತಿತ್ತು. ಮೇಷ್ಟರು ನಿದ್ದೆಬಡುಕ ಎಂದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಮೇಷ್ಟರ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಇದು ಎಂಬತ್ತರ ದಶಕದ ಕೊನೆಯ ಮಾತು. ಮೈಟೊಕಾಂಡ್ರಿಯ ಜೀವಕೋಶದ ಪವರ್ ಹೌಸ್ ಎಂದು ಪಿಯುಸಿಯಲ್ಲಿ ಎರಡು ಮಾರ್ಕಿಗಾಗಿ ಉರು ಹೊಡೆದಿದ್ದೆ. ಅದು ಕೆಟ್ಟರೆ ಮೆದುಳು, ಸ್ನಾಯು ಎರಡೂ ಸೊರಗುತ್ತವೆ ಎಂದು ತಿಳಿದದ್ದು ತಮ್ಮನ ಕಾಯಿಲೆ ಅದೇ ಎಂದು ನರರೋಗದ ಡಾಕ್ಟರು ಹೇಳಿದಾಗಲೇ. "ಇದಕ್ಕೆ ಮದ್ದಿಲ್ಲಮ್ಮ. ತಾಯಿಯಿಂದ ಮಾತ್ರ ಬರೋದು ಅಂತ ಈಗೀಗ ಗೊತ್ತಾಗ್ತಿದೆ," ಎಂದರು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಯಜಮಾನಿಕೆ ಸೋದರತ್ತೆಯದು. ಡಾಕ್ಟರ ಹತ್ತಿರಕ್ಕೆ ಅವಳೂ ಬಂದಿದ್ದಳು. ಮೊದಲೇ ಕೋತಿ, ಅದಕ್ಕೆ ಹೆಂಡ ಕುಡಿಸಿದ ಹಾಗಾಯಿತು. "ನಮ್ಮ ವಂಶದಲ್ಲಿ ಇಂಥದ್ದಿಲ್ಲ ಅಂತ ಇವನಿಗೆ ಫಿಟ್ಸ್ ಬಂದಾಗಲೇ ಬಡ್ಕೊಂಡೆ," ಎಂದು ಬಸ್ಸಿನಲ್ಲೇ ಶುರು ಮಾಡಿದಳು. ಅಮ್ಮ ಕಿಟಕಿಯಾಚೆ ನೋಡುತ್ತ ಕೂತಳು. ಆಮೇಲೆ ಮನೆಯಲ್ಲಿ ಅವಳ ಮಾತೇ ಕಡಿಮೆಯಾಯಿತು.

ಮರುವರ್ಷ ಕೆಂಗೇರಿಯಿಂದ ನನ್ನನ್ನು ನೋಡಲು ಗಂಡಿನವರು ಬರುವುದೆಂದಾಯಿತು. ತಮ್ಮನನ್ನು ಆ ದಿನ ಮೂಡಲಪಾಳ್ಯದ ತನ್ನ ಮನೆಗೆ ಸಾಗಿಸಬೇಕೆಂದು ಅತ್ತೆಯ ಅಪ್ಪಣೆ. ಹೆಣ್ಣು ನೋಡುವ ದಿನ ಮನೆಯ ರೋಗಿಯನ್ನು ಬಚ್ಚಿಡುವುದು ನಮ್ಮವರಿಗೆ ಸುಣ್ಣ ಹೊಡೆಸಿದಷ್ಟೇ ಮಾಮೂಲು.

"ಅವನು ಹೋದ್ರೆ ನಾನೂ ಹೋಗ್ತೀನಿ. ಬೇಕಾದ್ರೆ ಅಲ್ಲಿಗೇ ಬಂದು ನೋಡ್ಲಿ," ಎಂದೆ. ಅತ್ತೆ ಗೊಣಗಿಕೊಂಡೇ ಅಪ್ಪಣೆ ವಾಪಸ್ಸು ತೆಗೆದುಕೊಂಡಳು.

ಗಂಡಿನವರು ಬಂದಾಗ ತಮ್ಮ ನಡುಮನೆಯಲ್ಲೇ ಗೋಡೆಗೊರಗಿ ಕೂತ. ಉಪ್ಪಿಟ್ಟಿನ ತಟ್ಟೆ ಹಿಡಿದ ಗಂಡಿನ ತಾಯಿ ಅವನನ್ನೇ ನೋಡಿ, "ಹುಡುಗನಿಗೆ ಹುಷಾರಿಲ್ವಾ?" ಎಂದರು.

"ಪರೀಕ್ಷೆಗೆ ಓದಿ ಓದಿ ನಿದ್ದೆಗೆಟ್ಟಿದಾನೆ," ಎಂದಳು ಅತ್ತೆ.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು.

"ಸುಳ್ಳು. ಅವನಿಗೆ ಕಾಯಿಲೆ ಇದೆ. ನನ್ನಿಂದ ಬಂದಿದ್ದು. ಇವಳಲ್ಲೂ ಇರಬಹುದು, ಇವಳ ಮಕ್ಕಳಿಗೂ ಬರಬಹುದು. ಅವನ ಬಣ್ಣ, ಅವನ ನಗು ಕೂಡ ನಾನೇ ಕೊಟ್ಟಿದ್ದು. ಯಾವುದಕ್ಕೂ ನಾನು ತಲೆ ತಗ್ಗಿಸಲ್ಲ."

ನನ್ನ ಎದೆ ಹೆಮ್ಮೆಯಿಂದ ಬಿರಿಯುವಂತಾಯಿತು. ಗಂಡಿನವರು ತಟ್ಟೆ ಕೆಳಗಿಟ್ಟು ಎದ್ದು ಹೋದರು. ಅತ್ತೆ ಹಣೆ ಚಚ್ಚಿಕೊಂಡಳು. ಅಮ್ಮ ತಮ್ಮನ ಪಕ್ಕ ಕೂತು ಅವನಿಗೆ ಎರಡು ತುತ್ತು ಉಪ್ಪಿಟ್ಟು ತಿನ್ನಿಸಿ, ಅತ್ತೆಯ ಕಡೆ ತಿರುಗಿದಳು.

"ನಿಮಗೂ ಬಡಿಸ್ಲಾ?"